ಸೆಸಾರ್ ಮಿಲ್‌ಸ್ಟೈನ್ ಮತ್ತು ಪ್ರತಿಕಾಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಮಿಲ್‌ಸ್ಟೈನ್?

ಅರ್ಜೆಂಟೀನಾದಲ್ಲಿ ಹುಟ್ಟಿ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಕೆಲಸ ಮಾಡಿದ ವಿಜ್ಞಾನಿ. ಹುಟ್ಟಿದ್ದು 1927ರ ಅಕ್ಟೋಬರ್ 8ರಂದು, ಬಾಹಿಯಾ ಬ್ಲಾಂಕಾ ಎಂಬ ಬಂದರು ಊರಿನಲ್ಲಿ. ತೀರಿಕೊಂಡಿದ್ದು 2002ರ ಮಾರ್ಚ್ 24ರಂದು, ಕೇಂಬ್ರಿಡ್ಜ್‌ನಲ್ಲಿ. ನಮ್ಮ ದೇಹ ರೋಗದ ವಿರುದ್ಧ ತಯಾರಿಸುವ ಪ್ರತಿಕಾಯಗಳ ಬಗ್ಗೆ ಸುಮಾರು 40 ವರ್ಷ ಸಂಶೋಧನೆ ಮಾಡಿದರು. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು ಜಾರ್ಜ್ ಕೋಲರ್ ಜೊತೆ ಸೇರಿ 1975ರಲ್ಲಿ ತೋರಿಸಿಕೊಟ್ಟರು. ಇವತ್ತು ಕ್ಯಾನ್ಸರ್, ಸಂಧಿವಾತ, ಸೋರಿಯಾಸಿಸ್‌ಗೆ ಕೊಡುವ ಎಷ್ಟೋ ಇಂಜೆಕ್ಷನ್‌ಗಳ ಬೇರು ಅಲ್ಲಿದೆ.

ಇಷ್ಟಾದರೂ ಕನ್ನಡದಲ್ಲಿ ಇವರ ಹೆಸರು ಕೇಳಿದವರು ಕಡಿಮೆ. ಫ್ಲೆಮಿಂಗ್ ಮತ್ತು ಪೆನಿಸಿಲಿನ್ ಕತೆ ಶಾಲೆಯಲ್ಲೇ ಬರುತ್ತದೆ. ಇವರ ಕತೆಯೂ ಬರಬೇಕು ಅನ್ನುವುದು ನನ್ನ ಆಸೆ.

ಪ್ರತಿಕಾಯ ಅಂದರೆ ಸರಳವಾಗಿ ಏನು?

ಆಂಟಿಬಾಡಿ ಅಂತ ಡಾಕ್ಟರು ಹೇಳುತ್ತಾರಲ್ಲ, ಅದೇ. ರಕ್ತದಲ್ಲಿ ಓಡಾಡುವ ಒಂದು ಪ್ರೋಟೀನ್. ಇಂಗ್ಲಿಷಿನ ವೈ ಅಕ್ಷರದ ಆಕಾರ. ನಾಲ್ಕು ಸರಪಳಿಗಳು ಸೇರಿ ಆಗಿರುತ್ತದೆ. ಎರಡು ಉದ್ದ, ಎರಡು ಗಿಡ್ಡ. ಗಂಧಕದ ಬಂಧಗಳು ಅವನ್ನು ಒಂದಕ್ಕೊಂದು ಕಟ್ಟಿ ಹಾಕಿರುತ್ತವೆ. ಎರಡು ತೋಳುಗಳ ತುದಿಯಲ್ಲಿ ಹಿಡಿಯುವ ಜಾಗ ಇದೆ. ವೈರಸ್ಸು, ಬ್ಯಾಕ್ಟೀರಿಯಾ ಅಥವಾ ಹಾವಿನ ವಿಷದ ಒಂದು ಸಣ್ಣ ಭಾಗವನ್ನು ಅದು ಹಿಡಿದುಕೊಳ್ಳುತ್ತದೆ. ಬಿ ಕೋಶ ಎಂಬ ಬಿಳಿ ರಕ್ತಕಣಗಳು ಇವನ್ನು ತಯಾರಿಸುತ್ತವೆ. ಒಂದು ಬಿ ಕೋಶ ತಯಾರಿಸುವುದು ಒಂದೇ ಬಗೆಯ ಪ್ರತಿಕಾಯ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಒಂದು ದೊಡ್ಡ ಒಗಟು ಇತ್ತು. ಮನುಷ್ಯನಲ್ಲಿರುವ ಜೀನ್‌ಗಳು ಸುಮಾರು 20,000. ಆದರೆ ದೇಹ ತಯಾರಿಸಬಲ್ಲ ಪ್ರತಿಕಾಯಗಳ ಬಗೆ ಕೋಟಿಗಟ್ಟಲೆ. ಹಿಂದೆಂದೂ ನೋಡಿರದ ರೋಗಾಣುವಿಗೂ ಹೊಂದುವ ಪ್ರತಿಕಾಯ ಎಲ್ಲಿಂದಲೋ ಸಿಗುತ್ತದೆ. ಇದು ಹೇಗೆ ಸಾಧ್ಯ? ಮಿಲ್‌ಸ್ಟೈನ್ ಅವರನ್ನು ಕೊನೆಯವರೆಗೂ ಕಾಡಿದ ಪ್ರಶ್ನೆ ಇದು. ಔಷಧಿ ಮಾಡಬೇಕು ಅಂತ ಅವರು ಹೊರಟವರಲ್ಲ.

ಅವರು ಮೊದಲಿನಿಂದಲೂ ಇಮ್ಯುನಾಲಜಿಯನ್ನೇ, ಅಂದರೆ ರೋಗನಿರೋಧಕ ಶಕ್ತಿಯ ವಿಜ್ಞಾನವನ್ನೇ ಓದಿದವರಾ?

ಅಲ್ಲ. ರಸಾಯನಶಾಸ್ತ್ರ ಓದಿದವರು. ಅಪ್ಪ ವಲಸೆ ಬಂದ ಯಹೂದಿ, ಅಮ್ಮ ಶಾಲೆಯ ಟೀಚರ್. ಮನೆಯಲ್ಲಿ ಹಣ ಕಡಿಮೆ, ಓದಿನ ಮೇಲೆ ಆಸೆ ಜಾಸ್ತಿ. ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದಲ್ಲಿ 1952ರಲ್ಲಿ ಪದವಿ ಮುಗಿಸಿದರು. ಪಿಎಚ್‌ಡಿ ಮಾಡುವಾಗ ಸ್ಟೈಪೆಂಡ್ ಇರಲಿಲ್ಲ. ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬ್ ಕೆಲಸವನ್ನು ಪಾರ್ಟ್ ಟೈಮ್ ಮಾಡಿಕೊಂಡು ಖರ್ಚು ತೂಗಿಸಿದರು. ವಿಷಯ ಒಂದು ಕಿಣ್ವ, ಅಂದರೆ ಎನ್‌ಜೈಮ್.

ಆಮೇಲೆ ಬ್ರಿಟಿಷ್ ಕೌನ್ಸಿಲ್ ಫೆಲೋಶಿಪ್ ಸಿಕ್ಕಿ ಕೇಂಬ್ರಿಡ್ಜ್‌ಗೆ ಹೋದರು. ಅಲ್ಲಿ 1960ರಲ್ಲಿ ಇನ್ನೊಂದು ಪಿಎಚ್‌ಡಿ ಪಡೆದರು. ಅದೂ ಕಿಣ್ವದ ಮೇಲೆಯೇ. ಅಲ್ಲಿ ಸಿಕ್ಕವರು ಫ್ರೆಡ್ ಸ್ಯಾಂಗರ್. ಇನ್ಸುಲಿನ್‌ನ ರಚನೆ ಬಿಡಿಸಿ 1958ರಲ್ಲಿ ನೊಬೆಲ್ ಪಡೆದ, ಮುಂದೆ 1980ರಲ್ಲಿ ಇನ್ನೊಂದು ನೊಬೆಲ್ ಪಡೆದ ಅದೇ ಸ್ಯಾಂಗರ್.

ಹಾಗಾದರೆ ಅರ್ಜೆಂಟೀನಾಗೆ ವಾಪಸ್ ಹೋಗಲೇ ಇಲ್ವಾ?

ಹೋದರು. ಮನಸ್ಸಿಟ್ಟೇ ಹೋದರು. 1961ರಲ್ಲಿ ಬ್ಯೂನಸ್ ಐರಿಸ್‌ನ ಮಾಲ್ಬ್ರಾನ್ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯಾಲಜಿ ವಿಭಾಗ ಹೊಸದಾಗಿ ಶುರುವಾಯಿತು. ಅದರ ಮುಖ್ಯಸ್ಥರಾದರು. ಆಗಿನ್ನೂ 34 ತುಂಬಿರಲಿಲ್ಲ. ಮರುವರ್ಷ ಸೇನೆ ಸರ್ಕಾರವನ್ನು ಉರುಳಿಸಿತು. ಸಂಸ್ಥೆಯ ನಿರ್ದೇಶಕರನ್ನು ತೆಗೆದುಹಾಕಿದರು, ಸಿಬ್ಬಂದಿಯನ್ನೂ ಮನೆಗೆ ಕಳಿಸಿದರು. ಮಿಲ್‌ಸ್ಟೈನ್ ರಾಜೀನಾಮೆ ಕೊಟ್ಟು 1963ರಲ್ಲಿ ಕೇಂಬ್ರಿಡ್ಜ್‌ಗೆ ಮರಳಿದರು.

ಒಂದು ದೇಶ ಇಂಥವರನ್ನು ಕಳೆದುಕೊಂಡಾಗ ಹೋಗುವುದು ಒಬ್ಬ ವ್ಯಕ್ತಿ ಮಾತ್ರ ಅಲ್ಲ. ಅವರ ಕೈಕೆಳಗೆ ತಯಾರಾಗಬೇಕಿದ್ದ ಹತ್ತಾರು ವಿದ್ಯಾರ್ಥಿಗಳೂ ಹೋಗುತ್ತಾರೆ. ಲ್ಯಾಬ್ ಕಟ್ಟಲು ವರ್ಷಗಳು ಬೇಕು, ಮುಚ್ಚಲು ಒಂದು ಆದೇಶ ಸಾಕು.

ಕಿಣ್ವ ಬಿಟ್ಟು ಪ್ರತಿಕಾಯದ ಕಡೆ ಬಂದಿದ್ದು ಹೇಗೆ?

ಸ್ಯಾಂಗರ್ ಸಲಹೆಯಿಂದ. ಕೇಂಬ್ರಿಡ್ಜ್‌ನಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯ ಹೊಸ ಮಾಲಿಕ್ಯುಲರ್ ಬಯಾಲಜಿ ಲ್ಯಾಬ್ 1962ರಲ್ಲಿ ತೆರೆದಿತ್ತು. ಸ್ಯಾಂಗರ್ ಅಲ್ಲಿ ಪ್ರೋಟೀನ್ ವಿಭಾಗದ ಮುಖ್ಯಸ್ಥರು. ಪ್ರತಿಕಾಯಗಳನ್ನು ನೋಡು ಅಂತ ಅವರೇ ಸೂಚಿಸಿದ್ದು. ಆ ವೇಳೆಗೆ ರಾಡ್ನಿ ಪೋರ್ಟರ್ ಮತ್ತು ಜೆರಾಲ್ಡ್ ಎಡಲ್‌ಮನ್ ಪ್ರತಿಕಾಯದ ಸರಪಳಿಗಳನ್ನು ಬಿಡಿಸುವ ಕೆಲಸದಲ್ಲಿದ್ದರು. ಅದಕ್ಕೆ ಅವರಿಬ್ಬರಿಗೂ 1972ರಲ್ಲಿ ನೊಬೆಲ್ ಬಂತು. ಮಿಲ್‌ಸ್ಟೈನ್ ಶುರು ಮಾಡಿದ್ದು ಸರಪಳಿಗಳನ್ನು ಕಟ್ಟುವ ಗಂಧಕದ ಬಂಧಗಳಿಂದ. ರಸಾಯನಶಾಸ್ತ್ರ ಗೊತ್ತಿದ್ದವರಿಗೆ ಅದು ಒಳ್ಳೆಯ ಬಾಗಿಲು.

ಆಮೇಲೆ ಪ್ರೋಟೀನ್‌ನಿಂದ ಆರ್‌ಎನ್‌ಎಗೆ, ಆರ್‌ಎನ್‌ಎಯಿಂದ ಜೀವಕೋಶಕ್ಕೆ ಬಂದರು. ಪ್ರಶ್ನೆ ಅದೇ, ಕೈಯಲ್ಲಿ ಹಿಡಿದ ಸಲಕರಣೆ ಮಾತ್ರ ಬದಲಾಗುತ್ತಾ ಹೋಯಿತು.

1975ಕ್ಕೆ ಮುಂಚೆ ಹೇಳಿಕೊಳ್ಳುವಂಥದ್ದು ಏನಾದರೂ ಇತ್ತಾ?

ಇತ್ತು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. 1972ರಲ್ಲಿ ಮಿಲ್‌ಸ್ಟೈನ್, ಜಾರ್ಜ್ ಬ್ರೌನ್‌ಲೀ ಮತ್ತು ಜೊತೆಗಾರರು ಒಂದು ವಿಚಿತ್ರ ಗಮನಿಸಿದರು. ಪ್ರತಿಕಾಯದ ಗಿಡ್ಡ ಸರಪಳಿ ಮೊದಲು ತಯಾರಾಗುವಾಗ ಸ್ವಲ್ಪ ಉದ್ದ ಇರುತ್ತದೆ, ಆಮೇಲೆ ಅದರ ಮುಂತುದಿಯ ತುಣುಕು ಕತ್ತರಿಸಿ ಹೋಗುತ್ತದೆ. ಆ ತುಣುಕು, ಪ್ರೋಟೀನ್ ಜೀವಕೋಶದಿಂದ ಹೊರಗೆ ಹೋಗಬೇಕು ಅನ್ನುವುದಕ್ಕೆ ಗುರುತಿರಬಹುದು ಅಂತ ಬರೆದರು. ಅದು ನಿಜವೇ ಆಗಿತ್ತು. ಈ ವಿಷಯವನ್ನು ಪೂರ್ತಿಯಾಗಿ ಬಿಡಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು.

ಮೊನೊಕ್ಲೋನಲ್ ಪ್ರತಿಕಾಯ ಅಂದರೆ ಏನು? ಅದರ ಅಗತ್ಯ ಏನಿತ್ತು?

ಹಾವು ಕಡಿತಕ್ಕೆ ಕೊಡುವ ಔಷಧಿ ಗೊತ್ತಲ್ವಾ? ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಚುಚ್ಚುತ್ತಾರೆ. ಅದರ ರಕ್ತದಲ್ಲಿ ಪ್ರತಿಕಾಯ ಹುಟ್ಟಿಕೊಳ್ಳುತ್ತದೆ. ಅದನ್ನು ತೆಗೆದು ಶುದ್ಧ ಮಾಡಿ ಕೊಡುತ್ತಾರೆ. ಜೀವ ಉಳಿಸುವ ಔಷಧಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿ ನೂರಾರು ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. ಕೆಲವು ವಿಷವನ್ನು ಗಟ್ಟಿಯಾಗಿ ಹಿಡಿಯುತ್ತವೆ, ಕೆಲವು ಸಡಿಲವಾಗಿ, ಇನ್ನು ಎಷ್ಟೋ ವಿಷಕ್ಕೆ ಸಂಬಂಧವೇ ಇಲ್ಲದವು. ಈ ಕುದುರೆಯದ್ದು ಆ ಕುದುರೆಯ ಹಾಗಿರುವುದಿಲ್ಲ.

ಮೊನೊಕ್ಲೋನಲ್ ಅಂದರೆ ಒಂದೇ ಬಿ ಕೋಶದ ಸಂತತಿಯಿಂದ ಬಂದ, ಒಂದೇ ಬಗೆಯ ಪ್ರತಿಕಾಯ. ಹಲವು ಕಾಳು ಬೆರೆತ ಚೀಲದಿಂದ ಒಂದೇ ಒಂದು ಕಾಳು ಆರಿಸಿ, ಅದನ್ನೇ ಬಿತ್ತಿ, ಅದರದ್ದೇ ಬೆಳೆ ತೆಗೆದ ಹಾಗೆ. ಪ್ರತಿ ಸಲ ಅದೇ ಗುಣ, ಬೇಕಾದಷ್ಟು ಪ್ರಮಾಣ. ಕಷ್ಟ ಏನಿತ್ತೆಂದರೆ, ದೇಹದಿಂದ ತೆಗೆದ ಬಿ ಕೋಶ ಗಾಜಿನ ತಟ್ಟೆಯಲ್ಲಿ ಕೆಲವೇ ದಿನಗಳಲ್ಲಿ ಸಾಯುತ್ತದೆ.

ಆ ಪ್ರಯೋಗ ಹೇಗೆ ನಡೆಯಿತು? ಸ್ವಲ್ಪ ವಿವರವಾಗಿ ಹೇಳಿ.

ಮೈಲೋಮಾ ಎಂಬ ಕ್ಯಾನ್ಸರ್ ಇದೆ. ಪ್ರತಿಕಾಯ ತಯಾರಿಸುವ ಕೋಶವೇ ಹತೋಟಿ ತಪ್ಪಿ ಬೆಳೆಯುವ ರೋಗ. ಈ ಕೋಶಗಳು ತಟ್ಟೆಯಲ್ಲಿ ಸಾಯದೆ ಬೆಳೆಯುತ್ತಲೇ ಇರುತ್ತವೆ. ಅಮೆರಿಕದ ಮೈಕಲ್ ಪಾಟರ್ ಇಲಿಗಳಲ್ಲಿ ಇಂಥ ಗೆಡ್ಡೆಗಳನ್ನು ಬೆಳೆಸಿ ಜಗತ್ತಿನ ಲ್ಯಾಬ್‌ಗಳಿಗೆ ಹಂಚಿದ್ದರು. ಮಿಲ್‌ಸ್ಟೈನ್ ಲ್ಯಾಬಿಗೂ ಅವು ಬಂದಿದ್ದವು. ಆದರೆ ಅವು ತಯಾರಿಸುವ ಪ್ರತಿಕಾಯ ಯಾವುದನ್ನು ಹಿಡಿಯುತ್ತದೆ ಅನ್ನುವುದು ಗೊತ್ತಿರಲಿಲ್ಲ. ಜೀನ್‌ನಲ್ಲಿ ಬದಲಾವಣೆ ಆದರೆ ಹಿಡಿತ ಹೇಗೆ ಬದಲಾಗುತ್ತದೆ ಎಂದು ನೋಡಬೇಕಾದರೆ, ಗುರಿ ಗೊತ್ತಿರುವ ಪ್ರತಿಕಾಯ ಬೇಕು. ಗುರಿಯೂ ಗೊತ್ತಿರಬೇಕು, ಕೋಶವೂ ಸಾಯಬಾರದು.

ಜಾರ್ಜ್ ಕೋಲರ್ ಜರ್ಮನಿಯ ಹುಡುಗ, ಹುಟ್ಟಿದ್ದು 1946ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪಿಎಚ್‌ಡಿ ಮಾಡುವಾಗ ಮಿಲ್‌ಸ್ಟೈನ್ ಭಾಷಣ ಕೇಳಿದ್ದರು. 1974ರಲ್ಲಿ ಕೇಂಬ್ರಿಡ್ಜ್‌ಗೆ ಬಂದರು. ಅಷ್ಟರಲ್ಲಿ ಅದೇ ಲ್ಯಾಬಿನಲ್ಲಿ ಡಿಕ್ ಕಾಟನ್ ಎರಡು ಮೈಲೋಮಾ ಕೋಶಗಳನ್ನು ಒಂದಾಗಿಸಿ ತೋರಿಸಿದ್ದರು. ಹಾಗಿದ್ದರೆ ಮೈಲೋಮಾ ಕೋಶವನ್ನು ಒಂದು ಮಾಮೂಲಿ ಬಿ ಕೋಶದ ಜೊತೆ ಸೇರಿಸಿದರೆ?

ಅದನ್ನೇ ಮಾಡಿದರು. ಇಲಿಗೆ ಕುರಿಯ ಕೆಂಪು ರಕ್ತಕಣ ಚುಚ್ಚಿದರು. ಅದರ ಗುಲ್ಮದಲ್ಲಿ ಕುರಿಕಣದ ವಿರುದ್ಧ ಪ್ರತಿಕಾಯ ಮಾಡುವ ಬಿ ಕೋಶಗಳು ತುಂಬಿಕೊಂಡವು. ಅವನ್ನು ತೆಗೆದು ಮೈಲೋಮಾ ಕೋಶಗಳ ಜೊತೆ ಬೆರೆಸಿದರು. ಸೆಂಡೈ ಎಂಬ ವೈರಸ್ ಬಳಸಿ ಎರಡನ್ನೂ ಬೆಸೆದರು. ಬೆಸೆಯುವುದು ಕೆಲವು ಮಾತ್ರ, ಉಳಿದವು ಬಿಡಿಬಿಡಿ. ಬೇಡದ್ದನ್ನು ತೆಗೆಯುವುದು ಹೇಗೆ?

ಇಲ್ಲಿದೆ ಜಾಣತನ. ಅವರು ಬಳಸಿದ ಮೈಲೋಮಾ ಕೋಶದಲ್ಲಿ ಒಂದು ಕಿಣ್ವ ಇರಲಿಲ್ಲ. ಹ್ಯಾಟ್ ಎಂಬ ಪೋಷಕ ದ್ರವದಲ್ಲಿ ಹಾಕಿದರೆ ಆ ಕಿಣ್ವ ಇಲ್ಲದ ಕೋಶ ಡಿಎನ್‌ಎ ತಯಾರಿಸಲಾಗದೆ ಸಾಯುತ್ತದೆ. ಬಿಡಿ ಬಿ ಕೋಶ ಹೇಗೂ ತಾನಾಗಿ ಸಾಯುತ್ತದೆ. ಬೆಸೆದ ಕೋಶಕ್ಕೆ ಮಾತ್ರ ಬಿ ಕೋಶದಿಂದ ಕಿಣ್ವ, ಮೈಲೋಮಾದಿಂದ ಸಾಯದೆ ಬೆಳೆಯುವ ಗುಣ. ಅದೊಂದೇ ಉಳಿಯುತ್ತದೆ. ಇದಕ್ಕೆ ಮುಂದೆ ಹೈಬ್ರಿಡೋಮಾ ಅನ್ನುವ ಹೆಸರು ಬಂತು.

ಉಳಿದ ಕೋಶಗಳು ನಿಜವಾಗಿ ಕುರಿಕಣವನ್ನು ಹಿಡಿಯುವ ಪ್ರತಿಕಾಯ ಮಾಡುತ್ತವೆಯೇ? ನೋಡಲು ಒಂದು ಪರೀಕ್ಷೆ ಇತ್ತು. ಕುರಿಕಣಗಳ ತೆಳು ಪದರದಲ್ಲಿ ಕೋಶಗಳನ್ನು ಇಟ್ಟರೆ, ಸರಿಯಾದ ಪ್ರತಿಕಾಯ ಬಿಡುವ ಕೋಶದ ಸುತ್ತ ಕೆಂಪು ಕಣಗಳು ಒಡೆದು ಬಿಳಿ ವೃತ್ತ ಮೂಡುತ್ತದೆ. ಕೋಲರ್ ಹೆಂಡತಿಯನ್ನೂ ಕರೆದುಕೊಂಡು ಲ್ಯಾಬಿನ ನೆಲಮಾಳಿಗೆಗೆ ಇಳಿದು ತಟ್ಟೆ ನೋಡಿದರು. ವೃತ್ತಗಳು ಮೂಡಿದ್ದವು. ಖುಷಿಗೆ ಹೆಂಡತಿಗೆ ಮುತ್ತು ಕೊಟ್ಟೆ ಅಂತ ಅವರೇ ಹೇಳಿಕೊಂಡಿದ್ದಾರೆ. ಆ ಪರೀಕ್ಷೆ ಕಂಡುಹಿಡಿದವರು ನೀಲ್ಸ್ ಯೆರ್ನೆ, ಬಾಸೆಲ್ ಸಂಸ್ಥೆಯ ಮುಖ್ಯಸ್ಥರು. ಮಿಲ್‌ಸ್ಟೈನ್ ಮತ್ತು ಕೋಲರ್‌ಗೆ ಬಂದ 1984ರ ನೊಬೆಲ್‌ನಲ್ಲಿ ಅವರೂ ಪಾಲುದಾರರು.

1975ರ ಆಗಸ್ಟ್ 7ರ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮೂರೇ ಪುಟದ ಬರಹ. ಇಂಥ ಕೋಶಗಳು ವೈದ್ಯಕೀಯಕ್ಕೂ ಉದ್ಯಮಕ್ಕೂ ಉಪಯೋಗ ಆಗಬಹುದು ಎನ್ನುವ ಒಂದು ಸಾಲು ಕೊನೆಯಲ್ಲಿತ್ತು.

ಐಡಿಯಾ ಯಾರದ್ದು, ಗುರುವಿನದ್ದಾ ಶಿಷ್ಯನದ್ದಾ?

ಈ ಚರ್ಚೆ ಆಗಲೂ ಇತ್ತು, ಈಗಲೂ ಇದೆ. ಮಿಲ್‌ಸ್ಟೈನ್ ಲ್ಯಾಬಿನ ವರ್ಷಗಳ ತಯಾರಿ ಇಲ್ಲದೆ ಆಗುತ್ತಿರಲಿಲ್ಲ. ಕೋಲರ್ ಕೈ ಇಲ್ಲದೆಯೂ ಆಗುತ್ತಿರಲಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಹೆಚ್ಚು ಅಳೆಯುವುದರಲ್ಲಿ ಅರ್ಥ ಕಾಣುವುದಿಲ್ಲ. ಕೋಲರ್ ಮುಂದೆ ಜರ್ಮನಿಯ ಫ್ರೈಬರ್ಗ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ನಿರ್ದೇಶಕರಾದರು. 1995ರಲ್ಲಿ, ಬರೀ 48ನೇ ವಯಸ್ಸಿಗೆ ತೀರಿಕೊಂಡರು.

ಒಂದು ಸಲ ಗೆದ್ದ ಮೇಲೆ ಎಲ್ಲಾ ಸಲೀಸಾಗಿ ನಡೆಯಿತಾ?

ಇಲ್ಲ. ಸ್ವಲ್ಪ ದಿನಗಳಲ್ಲೇ ಪ್ರಯೋಗ ನಿಂತುಹೋಯಿತು. ಅದೇ ಲ್ಯಾಬ್, ಅದೇ ಕ್ರಮ, ಆದರೆ ಬೆಸೆದ ಕೋಶಗಳು ಬದುಕುತ್ತಿರಲಿಲ್ಲ. ತಿಂಗಳುಗಟ್ಟಲೆ ಹುಡುಕಿದ ಮೇಲೆ ಕಾರಣ ಸಿಕ್ಕಿತು: ಹ್ಯಾಟ್ ದ್ರವಕ್ಕೆ ಮಾಡಿಟ್ಟ ಸ್ಟಾಕ್ ಕೆಟ್ಟು ಕೋಶಗಳಿಗೆ ವಿಷವಾಗಿತ್ತು. ಇಟಲಿಯಿಂದ ಬಂದ ಜೊವಾನಿ ಗಾಲ್ಫ್ರೆ ಈ ಕ್ರಮವನ್ನು ಮತ್ತೆ ಹಳಿಗೆ ತಂದು, ಯಾರು ಮಾಡಿದರೂ ಬರುವಷ್ಟು ಗಟ್ಟಿ ಮಾಡಿದರು. ಲ್ಯಾಬ್ ಕೆಲಸ ಮಾಡುವವರಿಗೆ ಇದು ಧೈರ್ಯ ಕೊಡುವ ವಿಷಯ ಅನಿಸುತ್ತದೆ. ಪ್ರಯೋಗ ಕೆಟ್ಟರೆ ಮೊದಲು ಬಾಟಲಿ ನೋಡಿ.

ಪೇಟೆಂಟ್ ಮಾಡಿಸಲಿಲ್ಲ ಅಂತಾರಲ್ಲ, ಯಾಕೆ?

ಅವರು ಮುಚ್ಚಿಡಲಿಲ್ಲ. ಬರಹ ಅಚ್ಚಾಗುವ ಮೊದಲೇ ಮಂಡಳಿಯ ಅಧಿಕಾರಿಗಳಿಗೆ ತಿಳಿಸಿದ್ದರು. ಅವರು ಅದನ್ನು ಸರ್ಕಾರದ ಪರವಾಗಿ ಪೇಟೆಂಟ್ ನೋಡಿಕೊಳ್ಳುವ ನಿಗಮಕ್ಕೆ ಕಳಿಸಿದರು. ಉತ್ತರ ಬಂದಿದ್ದು 1976ರ ಅಕ್ಟೋಬರ್‌ನಲ್ಲಿ. ತಕ್ಷಣಕ್ಕೆ ವ್ಯಾಪಾರಕ್ಕೆ ಬರುವ ಉಪಯೋಗ ಕಾಣುತ್ತಿಲ್ಲ ಅನ್ನುವುದು ಅದರ ಸಾರ. ಅಷ್ಟರಲ್ಲಿ ಬರಹ ಅಚ್ಚಾಗಿ ವರ್ಷ ದಾಟಿತ್ತು. ಬ್ರಿಟನ್ನಿನ ನಿಯಮದಂತೆ ಪ್ರಕಟವಾದ ಮೇಲೆ ಪೇಟೆಂಟ್ ಸಿಗುವುದಿಲ್ಲ.

ಮಿಲ್‌ಸ್ಟೈನ್ ಅಷ್ಟರಲ್ಲಿ ಕೇಳಿದವರಿಗೆಲ್ಲ ಕೋಶಗಳನ್ನು ಕಳಿಸುತ್ತಿದ್ದರು. ಅಮೆರಿಕದ ವಿಸ್ಟಾರ್ ಸಂಸ್ಥೆಯವರು ಅವರಿಂದ ಬಂದ ಕೋಶ ಬಳಸಿ ಪ್ರತಿಕಾಯ ತಯಾರಿಸಿ, 1979 ಮತ್ತು 1980ರಲ್ಲಿ ಪೇಟೆಂಟ್ ಪಡೆದರು. ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆಯಾಯಿತು. ಆಗ ಪ್ರಧಾನಿಯಾಗಿದ್ದ ಮಾರ್ಗರೇಟ್ ಥ್ಯಾಚರ್ ಸ್ವತಃ ರಸಾಯನಶಾಸ್ತ್ರ ಓದಿದವರು, ಅವರಿಗೂ ಸಿಟ್ಟು ಬಂತು.

ದೇಶಕ್ಕೆ ನಷ್ಟವಾಯಿತು ಅನ್ನುವವರ ಮಾತು ಸುಳ್ಳಲ್ಲ. ಆದರೆ ಕೋಶಗಳು ಹೀಗೆ ಕೈಯಿಂದ ಕೈಗೆ ಹೋಗಿದ್ದರಿಂದಲೇ ನೂರಾರು ಲ್ಯಾಬ್‌ಗಳು ಕೆಲವೇ ವರ್ಷಗಳಲ್ಲಿ ಈ ವಿದ್ಯೆ ಕಲಿತವು. ಪಾಟರ್ ತಮ್ಮ ಗೆಡ್ಡೆಗಳನ್ನು ಹಂಚದೆ ಇದ್ದಿದ್ದರೆ ಮಿಲ್‌ಸ್ಟೈನ್‌ಗೂ ಕೆಲಸ ಮಾಡಲು ಕೋಶ ಇರುತ್ತಿರಲಿಲ್ಲ. ಈ ಲೆಕ್ಕ ಯಾವ ಪೇಟೆಂಟ್ ಕಡತದಲ್ಲೂ ಬರುವುದಿಲ್ಲ. ನಾನು ಹಂಚಿದವರ ಪರ.

ನೊಬೆಲ್ ಬಂದ ಮೇಲೆ ಏನು ಮಾಡಿದರು?

ಅದೇ ಹಳೇ ಒಗಟಿಗೆ ವಾಪಸ್ ಹೋದರು. ಇದೇ ನನಗೆ ಅವರಲ್ಲಿ ಬಹಳ ಇಷ್ಟವಾಗುವ ಗುಣ.

ಒಗಟಿನ ಒಂದು ಭಾಗವನ್ನು ಸುಸುಮು ತೊನೆಗಾವಾ ಬಿಡಿಸಿದ್ದರು. ಪ್ರತಿಕಾಯದ ಜೀನ್ ತುಂಡುತುಂಡಾಗಿರುತ್ತದೆ, ಬಿ ಕೋಶ ಬೆಳೆಯುವಾಗ ತುಂಡುಗಳನ್ನು ಬೇರೆ ಬೇರೆ ರೀತಿ ಜೋಡಿಸಿಕೊಳ್ಳುತ್ತದೆ. ಆದ್ದರಿಂದ ಸ್ವಲ್ಪ ಜೀನ್‌ಗಳಿಂದಲೇ ಅಷ್ಟೊಂದು ಬಗೆ. ಇದಕ್ಕೆ 1987ರ ನೊಬೆಲ್. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಮಿಲ್‌ಸ್ಟೈನ್ ಮತ್ತು ಕ್ಲೌಡಿಯಾ ಬೆರೆಕ್ ಇಲಿಗಳಿಗೆ ಒಂದು ರಾಸಾಯನಿಕ ಚುಚ್ಚಿ, ದಿನ ಕಳೆದ ಹಾಗೆ ಪ್ರತಿಕಾಯ ಹೇಗೆ ಬದಲಾಗುತ್ತದೆ ಎಂದು ನೋಡಿದರು. ಮೊದಲ ದಿನಗಳ ಪ್ರತಿಕಾಯಗಳು ಹೆಚ್ಚುಕಡಿಮೆ ಒಂದೇ ಥರ, ಜೀನ್‌ನಲ್ಲಿ ಇದ್ದ ಹಾಗೇ. ಆಮೇಲಾಮೇಲೆ ಹಿಡಿಯುವ ಜಾಗದಲ್ಲಿ ಸಣ್ಣ ಸಣ್ಣ ಬದಲಾವಣೆಗಳು ಕಾಣಿಸಿಕೊಂಡವು. ಗಟ್ಟಿಯಾಗಿ ಹಿಡಿಯುವ ಕೋಶಗಳು ಉಳಿದು ಬೆಳೆದವು. ಬಿ ಕೋಶಗಳು ಈ ಜಾಗದ ಡಿಎನ್‌ಎಯನ್ನು ಮಾಮೂಲಿಗಿಂತ ಸುಮಾರು 10 ಲಕ್ಷ ಪಟ್ಟು ವೇಗದಲ್ಲಿ ಬದಲಿಸಿಕೊಳ್ಳುತ್ತವೆ.

ಲಸಿಕೆಯ ಎರಡನೇ ಡೋಸ್, ಬೂಸ್ಟರ್ ಯಾಕೆ ಬೇಕು ಅಂತ ಕೇಳುತ್ತೀರಲ್ಲ, ಅದಕ್ಕೆ ಒಂದು ಮುಖ್ಯ ಕಾರಣ ಇಲ್ಲಿದೆ. ಎರಡನೇ ಸಲ ಪ್ರತಿಕಾಯದ ಪ್ರಮಾಣ ಹೆಚ್ಚುವುದರ ಜೊತೆಗೆ ಅದರ ಹಿಡಿತವೂ ಬಿಗಿಯಾಗಿರುತ್ತದೆ.

ಇಲಿಯ ಪ್ರತಿಕಾಯವನ್ನು ಮನುಷ್ಯನಿಗೆ ಕೊಟ್ಟರೆ ತೊಂದರೆ ಆಗಲ್ವಾ?

ಆಗುತ್ತದೆ. ನಮ್ಮ ದೇಹ ಅದನ್ನೇ ಹೊರಗಿನದು ಎಂದು ತಿಳಿದು ಅದರ ವಿರುದ್ಧ ಪ್ರತಿಕಾಯ ಮಾಡುತ್ತದೆ. ಕಿಡ್ನಿ ಕಸಿ ಮಾಡಿದವರಿಗೆ ಕೊಡುತ್ತಿದ್ದ ಒಕೆಟಿ3 ಎಂಬ ಮೊದಲ ಮೊನೊಕ್ಲೋನಲ್ ಔಷಧಿಗೆ ಈ ತೊಂದರೆ ಇತ್ತು. ಅದೇ ಕೇಂಬ್ರಿಡ್ಜ್ ಲ್ಯಾಬಿನ ಗ್ರೆಗ್ ವಿಂಟರ್ 1986ರಲ್ಲಿ ದಾರಿ ತೋರಿಸಿದರು. ಇಲಿಯ ಪ್ರತಿಕಾಯದಿಂದ ಹಿಡಿಯುವ ತುದಿಗಳನ್ನು ಮಾತ್ರ ತೆಗೆದು ಮನುಷ್ಯನ ಪ್ರತಿಕಾಯದ ಮೇಲೆ ಕೂರಿಸಿದರು. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮ್ಯಾಬ್ ಈ ಜಾತಿಯದ್ದು. ವಿಂಟರ್ ಅವರಿಗೆ 2018ರಲ್ಲಿ ನೊಬೆಲ್ ಬಂತು.

ನನ್ನ ದಿನನಿತ್ಯದ ಬದುಕಿನಲ್ಲಿ ಇದು ಎಲ್ಲಿ ಸಿಗುತ್ತದೆ?

ರಕ್ತದ ಗುಂಪು ನೋಡುವಾಗ ಸ್ಲೈಡಿನ ಮೇಲೆ ಒಂದು ನೀಲಿ ಹನಿ, ಒಂದು ಹಳದಿ ಹನಿ ಹಾಕುತ್ತಾರೆ. ಅವು ಈಗ ಮೊನೊಕ್ಲೋನಲ್ ಪ್ರತಿಕಾಯಗಳೇ. ಹಿಂದೆ ಅದಕ್ಕೆ ಮನುಷ್ಯರ ರಕ್ತದಿಂದಲೇ ಸೀರಮ್ ತೆಗೆಯಬೇಕಿತ್ತು. ಮೆಡಿಕಲ್ ಶಾಪಿನ ಪ್ರೆಗ್ನೆನ್ಸಿ ಕಿಟ್‌ನಲ್ಲಿ ಮೂಡುವ ಗೆರೆ, ಮಲೇರಿಯಾ, ಡೆಂಗಿ ಕಾರ್ಡ್ ಟೆಸ್ಟ್, ಎಚ್‌ಐವಿ ಇರುವವರ ಸಿಡಿ4 (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ, ಇವೆಲ್ಲದರಲ್ಲೂ ಪ್ರತಿಕಾಯಗಳ ಕೆಲಸ ಇದೆ.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ನಂಟು ಇದೆಯಾ?

ಇದೆ. ಬೆಂಗಳೂರಿನ ಬಯೋಕಾನ್ 2006ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗೆ ನಿಮೊಟುಜುಮ್ಯಾಬ್ ಎಂಬ ಪ್ರತಿಕಾಯ ಔಷಧಿಯನ್ನು ಮಾರುಕಟ್ಟೆಗೆ ತಂದಿತು. ಕ್ಯೂಬಾದ ವಿಜ್ಞಾನಿಗಳ ಜೊತೆ ಸೇರಿ ಮಾಡಿದ ಕೆಲಸ ಅದು. ಬಯೋಕಾನ್ ಮತ್ತು ಮೈಲನ್ ಎಂಬ ಔಷಧಿ ಕಂಪನಿ ಸೇರಿ ತಯಾರಿಸಿದ ಟ್ರಾಸ್ಟುಜುಮ್ಯಾಬ್‌ಗೆ 2017ರಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು.

ನನಗೆ ಇನ್ನೂ ಹತ್ತಿರವಾದ ಸುದ್ದಿ ಹಾವಿನದ್ದು. ನಮ್ಮಲ್ಲಿ ಈಗಿರುವ ಔಷಧಿ ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಕುದುರೆಯಲ್ಲಿ ತಯಾರಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ, ಲ್ಯಾಬಿನಲ್ಲೇ ರೂಪಿಸಿದ ಒಂದು ಮಾನವ ಪ್ರತಿಕಾಯವನ್ನು 2024ರಲ್ಲಿ ಪ್ರಕಟಿಸಿತು. ನಾಗರ, ಕಾಳಿಂಗ, ಕಟ್ಟು ಹಾವು, ಆಫ್ರಿಕಾದ ಬ್ಲ್ಯಾಕ್ ಮಾಂಬಾ ಇವುಗಳಲ್ಲಿರುವ ಒಂದು ಬಗೆಯ ನರವಿಷವನ್ನು ಅದು ಹಿಡಿಯುತ್ತದೆ. ಇಲಿಗಳಲ್ಲಿ ಪರೀಕ್ಷೆ ಮಾಡಿದ್ದಾರೆ. ವಿಷ ಕೊಟ್ಟು ಸ್ವಲ್ಪ ಹೊತ್ತಾದ ಮೇಲೆ ಕೊಟ್ಟರೂ ಇಲಿಗಳು ಬದುಕಿದವು. ಮಂಡಲದ ಹಾವುಗಳ ವಿಷ ಬೇರೆ ಥರದ್ದು, ಅದಕ್ಕೆ ಇದು ಸಾಲದು. ಆದ್ದರಿಂದ ಹಾವು ಕಡಿದರೆ ತಕ್ಷಣ ಆಸ್ಪತ್ರೆಗೆ ಹೋಗಿ ಈಗಿರುವ ಔಷಧಿಯನ್ನೇ ತೆಗೆದುಕೊಳ್ಳಬೇಕು.

ಈ ಔಷಧಿಗಳು ಇಷ್ಟು ದುಬಾರಿ ಯಾಕೆ?

ಮಾತ್ರೆಯ ಹಾಗೆ ರಾಸಾಯನಿಕ ಬೆರೆಸಿ ಮಾಡಲಾಗುವುದಿಲ್ಲ. ಪ್ರಾಣಿಯ ಜೀವಕೋಶಗಳನ್ನು ದೊಡ್ಡ ಟ್ಯಾಂಕುಗಳಲ್ಲಿ ಸಾಕಬೇಕು. ಒಂದು ಬ್ಯಾಕ್ಟೀರಿಯಾ ಒಳಗೆ ಸೇರಿದರೂ ಇಡೀ ಬ್ಯಾಚ್ ಹೋಯಿತು. ಶುದ್ಧ ಮಾಡುವ ಖರ್ಚು, ತಣ್ಣಗೆ ಸಾಗಿಸುವ ಖರ್ಚು ಬೇರೆ. ಇದರ ಮೇಲೆ ಕಂಪನಿಗಳ ಪೇಟೆಂಟ್. ಪೇಟೆಂಟ್ ಮುಗಿದ ಮೇಲೆ ಬೇರೆಯವರು ತಯಾರಿಸುವ ಬಯೋಸಿಮಿಲರ್ ಬಂದರೆ ಬೆಲೆ ಇಳಿಯುತ್ತದೆ. ಇಳಿದ ಬೆಲೆಯೂ ನಮ್ಮ ಎಷ್ಟೋ ಮನೆಗಳಿಗೆ ಭಾರ. ಜನರ ತೆರಿಗೆ ಹಣದಲ್ಲಿ ಹುಟ್ಟಿ, ಪೇಟೆಂಟ್ ಇಲ್ಲದೆ ಜಗತ್ತಿಗೆ ಸಿಕ್ಕ ವಿದ್ಯೆಯಿಂದ ಬಂದ ಔಷಧಿಗೆ ಜಮೀನು ಅಡ ಇಡಬೇಕಾಗಿ ಬರುವುದು ನನಗೆ ನೋವು ಕೊಡುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇವು ಸಿಗುವ ಹಾಗೆ ಮಾಡುವುದು ದೊಡ್ಡ ಕೆಲಸ, ಆಗಲೇಬೇಕಾದ ಕೆಲಸ.

ಅವರ ಮನೆಯವರ ಬಗ್ಗೆ?

ಹೆಂಡತಿ ಸೀಲಿಯಾ ಕೂಡ ವಿಜ್ಞಾನಿ. 1953ರಲ್ಲಿ ಮದುವೆಯಾಗಿ, ದುಡ್ಡಿಲ್ಲದೆ ದಾರಿಯಲ್ಲಿ ಸಿಕ್ಕ ಗಾಡಿ ಹತ್ತಿಕೊಂಡು ಯುರೋಪ್ ಸುತ್ತಿದರು. ಮುಂದೆ ಸೀಲಿಯಾ ಕೇಂಬ್ರಿಡ್ಜ್ ಹತ್ತಿರದ ಬಾಬ್ರಹಾಮ್ ಸಂಸ್ಥೆಯಲ್ಲಿ ಕೆಲಸ ಮಾಡಿದರು.

ನಾನು ಪಿಯುಸಿ ಓದುತ್ತಿದ್ದೇನೆ. ಪ್ರತಿಕಾಯದ ಮೇಲೆ ಸಂಶೋಧನೆ ಮಾಡಬೇಕೆಂದರೆ ಏನು ಓದಬೇಕು?

ಬಯಾಲಜಿ ಬೇಕು, ಆದರೆ ಕೆಮಿಸ್ಟ್ರಿಯನ್ನು ಬಿಡಬೇಡಿ. ಮಿಲ್‌ಸ್ಟೈನ್ ಬಂದಿದ್ದೇ ಆ ಬಾಗಿಲಿನಿಂದ. ಈಗ ಕಂಪ್ಯೂಟರ್ ಮತ್ತು ಅಂಕಿಅಂಶಗಳ ತಿಳಿವಳಿಕೆಯೂ ಬಹಳ ಉಪಯೋಗಕ್ಕೆ ಬರುತ್ತದೆ. ಬಿಎಸ್ಸಿ ನಿಮ್ಮೂರಿನ ಕಾಲೇಜಿನಲ್ಲೇ ಆದರೂ ಪರವಾಗಿಲ್ಲ. ಆಮೇಲೆ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಅಥವಾ ಬಯೋಟೆಕ್ನಾಲಜಿಯಲ್ಲಿ ಎಂಎಸ್ಸಿ. ಅದಾದ ಮೇಲೆ ನೆಟ್‌ನಂಥ ಪರೀಕ್ಷೆ ಬರೆದು ಫೆಲೋಶಿಪ್ ಪಡೆದರೆ ಪಿಎಚ್‌ಡಿಗೆ ತಿಂಗಳಿಗೆ ಹಣ ಸಿಗುತ್ತದೆ. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ), ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಇವೆ. ದೆಹಲಿಯಲ್ಲಿ ಇಮ್ಯುನಾಲಜಿಗೆಂದೇ ರಾಷ್ಟ್ರೀಯ ಸಂಸ್ಥೆ ಇದೆ.

ಎಂಎಸ್ಸಿ ಮುಗಿಯುವ ಮೊದಲು ಒಂದು ಬೇಸಿಗೆಯನ್ನಾದರೂ ಲ್ಯಾಬಿನಲ್ಲಿ ಕಳೆಯಿರಿ. ಜೀವಕೋಶ ಸಾಕುವುದನ್ನು ಕೈಯಾರೆ ಮಾಡಿ ನೋಡಿ. ಅವು ಭಾನುವಾರ ಅಂತ ರಜೆ ಕೊಡುವುದಿಲ್ಲ. ಅದು ನಿಮಗೆ ಹಿಡಿಸಿದರೆ ಮುಂದೆ ಹೋಗಿ. ಜೊತೆಗೆ ಮಿಲ್‌ಸ್ಟೈನ್ ಅವರ 1984ರ ನೊಬೆಲ್ ಭಾಷಣ ನೊಬೆಲ್ ಪ್ರತಿಷ್ಠಾನದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲ ಓದಿಗೆ ಅರ್ಧ ಅರ್ಥವಾದರೂ ಸಾಕು, ಡಿಗ್ರಿ ಎರಡನೇ ವರ್ಷದಲ್ಲಿ ಇನ್ನೊಮ್ಮೆ ಓದಿ.